ಎರಡು ಸೆಲ್ಲು

ಬಿನೋಯಿಯ ಮೊಬೈಲ್ ಅಂಗಡಿಗೆ ಚಾಕು ಬಂದದ್ದು
ಮಂಗಳವಾರ, ಇಶಾ ನಮಾಜು ಮುಗಿದ ಮೇಲೆ.
ಬುಧವಾರ ಬೆಳಿಗ್ಗೆ ಅದು ಒಂದೇ ಚಾಕು.
ಮಧ್ಯಾಹ್ನದೊಳಗೆ ಮೂರಾಗಿ,
ರಾತ್ರಿ ವಾಟ್ಸಾಪಿನಲ್ಲಿ ಯಾರದೋ ಏದುಸಿರಿನೊಳಗೆ
ತಲವಾರಾಗಿತ್ತು.
ಬಿನೋಯಿಯನ್ನೇ ಕೇಳಿದೆ.
"ಚಾಕು ನಾನು ನೋಡಲಿಲ್ಲ ಇಕ್ಕಾ,
ಅವನ ಕೈ ಜೇಬಿನೊಳಗಿತ್ತು."

ಅಬ್ಬಾಸಿಯಾದ ಈ ಗಲ್ಲಿಯಲ್ಲಿ ನನ್ನ ಬಕಾಲಕ್ಕೆ ಹನ್ನೊಂದು ವರ್ಷ.
ಇಷ್ಟರಲ್ಲಿ ಕಳವಾದದ್ದು
ಒಂದು ಡಬ್ಬಿ ಟ್ಯೂನಾ, ಒಂದು ಜೊತೆ ಚಪ್ಪಲಿ,
ಅದೂ ನನ್ನದೇ, ಬಾಗಿಲ ಹೊರಗೆ ಬಿಟ್ಟದ್ದು.
ಆದರೂ ಗುರುವಾರ ವೆಲ್ಡಿಂಗಿನವನನ್ನು ಕರೆದೆ.

ಗಲ್ಲಾದ ಮುಂದೆ ಕಬ್ಬಿಣದ ಜಾಲರಿ, ನಲವತ್ತೈದು ದಿನಾರು.
ಕೈ ತೂರುವಷ್ಟು ಕಿಂಡಿ; ಕುಂಬಳಕಾಯಿ ತೂರದು.
ಕುಂಬಳಕಾಯಿ ತರಿಸುವುದನ್ನೇ ಬಿಟ್ಟೆ.
ಸಿಗರೇಟು ಕೆಳಗಿನ ಖಾನೆಗೆ, ಫೋನ್ ಕಾರ್ಡು ಲುಂಗಿಯ ಸೊಂಟಕ್ಕೆ.
ಒಂದು ಗಂಟೆಗೆ ಇಳಿಯುತ್ತಿದ್ದ ಶಟರು ಹತ್ತಕ್ಕೆ.
ಹಂಝನಿಗೆ ಹೇಳಿದೆ, ಕತ್ತಲಾದ ಮೇಲೆ
ಮಸೀದಿಯಾಚೆಗೆ ಸಾಮಾನು ಒಯ್ಯಬೇಡ.
ಅವನು ಮಾತಾಡಲಿಲ್ಲ. ಅವನಿಗೆ ಬರುತ್ತಿದ್ದ ಚಿಲ್ಲರೆ ಬಕ್ಷೀಸೆಲ್ಲ
ಮಸೀದಿಯಾಚೆಯದು.

ಫಹಾಹೀಲಿನಲ್ಲಿ ಎರಡನೆಯ ಅಂಗಡಿಗೆ ಜಾಗ ಹಿಡಿದಿದ್ದೆ,
ಮೂಲೆಯ ಮಳಿಗೆ, ಎರಡು ಬದಿಗೂ ಗಾಜು.
ಆ ಗಾಜಿಗೇ ಮನಸೋತಿದ್ದವನು
ಈಗ ಒಂದೊಂದೇ ಹಲಗೆ ಎಣಿಸಿ ಬಂದೆ.
ಹಾರಿಸ್ ಅಬು ಸಯೀದ್ "ಖೈರ್, ಖೈರ್" ಎನ್ನುತ್ತ
ಮುಂಗಡದಲ್ಲಿ ಅರ್ಧ ಮಾತ್ರ ಮರಳಿಸಿದ.
ಇದನ್ನು ಯಾವ ಠಾಣೆಯಲ್ಲಿ ಬರೆಸುವುದು?

ಕಡಪದ ಓಬುಲೇಸು ಆಸ್ಪತ್ರೆಯ ನೆಲ ಒರೆಸಿ
ಹನ್ನೆರಡೂವರೆಗೆ ಬರುತ್ತಿದ್ದ: ಎರಡು ಖುಬ್ಬೂಸು, ಒಂದು ಲಬನ್.
ಈ ಶುಕ್ರವಾರ ಹಗಲೇ ಬಂದ. ಕಿಂಡಿಗೆ ಕಣ್ಣಿಟ್ಟು ಕೇಳಿದ:
"ಏನು ತಪ್ಪು ಮಾಡಿದಿರಿ ಭಾಯ್, ಒಳಗೆ ಹಾಕಿದ್ದಾರೆ?"
ನಗಲು ಹೊರಟವನು ಅವನ ಕೈ ನೋಡಿದೆ.
ಜೇಬಿನೊಳಗಿತ್ತು.
ಎಷ್ಟು ಹೊತ್ತು ಹುಡುಕುತ್ತಾನೆ ಮನುಷ್ಯ
ಹಳೆ ಬಾಕಿಯ ಮುಕ್ಕಾಲು ದಿನಾರನ್ನು!

ಮೇಲೆ ಮೂಲೆಯಲ್ಲೊಂದು ಕ್ಯಾಮರಾ. ಬರೀ ಡಬ್ಬಿ ಅದು,
ಒಳಗೆ ಎರಡು ಸೆಲ್ಲು, ಒಂದು ಕೆಂಪು ಮಿಣುಕು.
ನಿನ್ನೆ ಅದು ಆರಿತ್ತು.
ಗಿರಾಕಿಗಳು ಯಾರೂ ಗಮನಿಸಲಿಲ್ಲ,
ನನಗೆ ನಿದ್ದೆ ಬರಲಿಲ್ಲ.
ಎದ್ದು ಬಂದು, ಅರ್ಧ ಶಟರಿನ ಕೆಳಗೆ ನುಸುಳಿ,
ಮಾರಾಟದ ಸೆಲ್ಲಿನ ಪೊಟ್ಟಣ ಒಡೆದು ಹಾಕಿದೆ.
ಉದ್ರಿ ಪುಸ್ತಕದಲ್ಲಿ ಹೊಸ ಪುಟ ಮಡಚಿ
ನನ್ನ ಹೆಸರು ಬರೆದೆ, ಕೆಳಗೆ
ಇನ್ನೂರೈವತ್ತು ಫಿಲ್ಸು.