ಹಿಂದಿನ ಕೋಣೆ

ಎಂಟಡಿ ಅಗಲ, ಒಂಬತ್ತಡಿ ಉದ್ದ. ಕಿಟಕಿ ಇಲ್ಲ.
ಮೊದಲಿದ್ದವರು ಇಲ್ಲಿ
ಮುರುಕು ಕುರ್ಚಿ, ಕೆಟ್ಟ ಹೀಟರು ಒಟ್ಟಿದ್ದರು.
ನಾನೇ ಎರಡು ಕೋಟು ಬಿಳಿ ಬಳಿದು
ಹಸಿ ಹಿಡಿದ ಮೂಲೆಗೆ ಕ್ಯಾಲೆಂಡರು ತೂಗುಹಾಕಿದೆ.

ಸ್ವಿಂಡನ್, ಮ್ಯಾಂಚೆಸ್ಟರ್ ರೋಡು. ಸೋಮವಾರ, ಸಲೂನಿಗೆ ರಜೆ.
ಎಸ್ಪೆರಾನ್ಸಾ ಬಂದಳು, ವಾಸ್ಕೋ ಕಡೆಯವಳು,
ಹುಬ್ಬು, ಫೇಶಿಯಲ್, ವ್ಯಾಕ್ಸಿಂಗಿಗೆ ಪಳಗಿದ ಕೈ.
ಕೂತವಳೇ ನೋಟ್‌ಬುಕ್ ತೆರೆದಳು:
ಹದಿನಾರು ಪ್ರಶ್ನೆ, ನಂಬರು ಹಾಕಿ.

ವಾರಕ್ಕೆ ನೂರ ನಲವತ್ತು ಪೌಂಡು ಅಂದೆ.
ಗಳಿಸಿದ್ದರಲ್ಲಿ ಮೂವತ್ತು ಪರ್ಸೆಂಟು ಅಂದಳು.
ಗಿರಾಕಿ ಬಂದರೆ ಇಬ್ಬರಿಗೂ ಹಬ್ಬ,
ಬರದಿದ್ದರೆ ಇಬ್ಬರಿಗೂ ಉಪವಾಸ.

ನಮ್ಮ ನಡುವೆ ಓಡಾಡಿದ್ದು ಹರಕು ಹಿಂದಿ.
ಲೆಕ್ಕ ಮಾತ್ರ ಅವಳು ಕೊಂಕಣಿಯಲ್ಲಿ, ನಾನು ಕನ್ನಡದಲ್ಲಿ,
ತುಟಿಯೊಳಗೇ.
ಪರಭಾಷೆಯಲ್ಲಿ ಮೋಸಹೋಗಲು ಯಾರೂ ತಯಾರಿಲ್ಲ.

ಪರ್ಸೆಂಟು ಅಂದರೆ ನನಗೆ ಅಜ್ಜನ ಚೀಲ ನೆನಪು.
ರಾಣೆಬೆನ್ನೂರ ಕಡೆ, ಕತ್ತಿ ಕನ್ನಡಿ ಹೊತ್ತು
ವರ್ಷವಿಡೀ ಊರ ಗಡ್ಡ ಹೆರೆದು
ಸುಗ್ಗಿಗೆ ಕಣದ ಅಂಚಿನಲ್ಲಿ ಆಯಕ್ಕೆ ನಿಲ್ಲುತ್ತಿದ್ದ.
ಸೇರು ಅವರದು, ಅಳೆಯುವ ಕೈಯೂ ಅವರದು.
"ಈ ಸಲ ಬೆಳಿ ಕಮ್ಮಿ ಐತಪಾ."
ಗಡ್ಡ ಮಾತ್ರ ಯಾರದೂ ಕಮ್ಮಿ ಬೆಳೆದಿರಲಿಲ್ಲ.

ಪಾಲು ಬೇಡ, ಎಸ್ಪೆರಾನ್ಸಾ.
ನಿನ್ನ ಗಲ್ಲಾದಲ್ಲಿ ಇಣುಕುವ ಕೆಲಸ ನನಗೆ ಬೇಡ.
ಗೊತ್ತಿರುವ ಒಂದು ಸಂಖ್ಯೆ ಇರಲಿ.

ನೂರ ಹತ್ತು ಅಂದಳು.
ಬಿಸಿನೀರಿನ ಬಿಲ್ಲು ಯಾರದು ಅಂದಳು.
ಡಿಸೆಂಬರಿನಲ್ಲಿ ನಾಲ್ಕು ವಾರ ಊರಿಗೆ ಹೋದರೆ?
"ಬಂದರೂ ಬರದಿದ್ದರೂ ಬಾಡಿಗೆ ಬಾಡಿಗೆಯೇ,"
ಅಂದೆ. ಅಂದು ಬೆಚ್ಚಿದೆ.
ಅದು ಟ್ರೆವರನ ದನಿ.
ಒಂಬತ್ತು ವರ್ಷ ಅವನ ಮೂರನೇ ಕುರ್ಚಿ ನನ್ನದು.
ಅಪ್ಪ ತೀರಿದ ವಾರವೂ ಎಣಿಸಿಕೊಂಡ,
ಎಣಿಸಿಕೊಂಡೇ ಹೆಗಲು ತಟ್ಟಿದ.
ನಾನು ಶಪಿಸಿದ್ದು ಅಚ್ಚ ಕನ್ನಡದಲ್ಲಿ.
ಇವಳು ಈಗ ಕೊಂಕಣಿಯಲ್ಲಿ ಏನಂದುಕೊಂಡಳೋ.

ಹಾಗಂತ ನಾನೇನು ಧರ್ಮಛತ್ರ ಇಟ್ಟಿಲ್ಲ.
ಮೂರು ತಿಂಗಳಿಗೊಮ್ಮೆ ಅಂಗಡಿಯ ಒಡೆಯನಿಗೆ ನಾನು ಕಟ್ಟಬೇಕು,
ಬ್ಯಾಂಕಿನ ಸಾಲಕ್ಕೆ ಕ್ರಿಸ್ಮಸ್ಸೂ ಇಲ್ಲ, ದೀಪಾವಳಿಯೂ ಇಲ್ಲ.
ವರ್ಷಕ್ಕೆ ಎರಡು ವಾರ ಬಿಡ್ತೀನಿ ಅಂದೆ.
ಮೂರು, ಅಂದಳು.
ಎರಡೇ. ಮನೆಯಲ್ಲಿ ಸಾವಾದರೆ ಇನ್ನೊಂದು, ಕೇಳದೆ.
ಅದನ್ನು ಕರಾರಿನ ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ತಿಳಿಯದೆ
ಇಬ್ಬರೂ ಸ್ವಲ್ಪ ಹೊತ್ತು ಪೆನ್ನನ್ನೇ ನೋಡಿದೆವು.

ನೂರ ಇಪ್ಪತ್ತೈದಕ್ಕೆ ಇಳಿದೆ.
ಟವೆಲು ಅವಳದು, ಒಗೆಯುವ ಮೆಷಿನು ನನ್ನದು.
ರಸ್ತೆಯಿಂದ ಹಾಗೇ ಒಳಬಂದ ಗಿರಾಕಿ
ಹುಬ್ಬಿಗಾದರೆ ಅವಳಿಗೆ, ಕೂದಲಿಗಾದರೆ ನನಗೆ,
ಮದುಮಗಳು ಬಂದರೆ
ಅದನ್ನು ಆಮೇಲೆ ನೋಡೋಣ.

ಮುಗಿಯಿತೆಂದು ಕೀಲಿಕೈ ಚಾಚಿದೆ.
ಅವಳು ಮುಟ್ಟಲಿಲ್ಲ.
ಎದ್ದು ಮೂಲೆಗೆ ಹೋಗಿ, ಕ್ಯಾಲೆಂಡರು ಎತ್ತಿ,
ಗೋಡೆಗೆ ಅಂಗೈ ಒತ್ತಿ
ಒದ್ದೆಯಾದ ಅದನ್ನು ನನ್ನ ಮುಂದೆ ಹಿಡಿದಳು.

"ನೂರ ಹದಿನೈದು," ಅಂದಳು,
ಕನ್ನಡದಲ್ಲಿ,
ಕಾರವಾರದ ಎಳೆತ ಹಚ್ಚಿ.