ಕೋಬಾಲ್ಟ್ ಕೋಣೆ

ನವನಗರದ ಆಸ್ಪತ್ರೆ, ನೆಲಮಾಳಿಗೆ.
ನಾಲ್ಕಡಿ ದಪ್ಪದ ಗೋಡೆ.
ಹೊರಗೆ ಧಾರವಾಡದ ಬಸ್ಸು ಹಾಯ್ದರೂ
ಇಲ್ಲಿ ಕೇಳುವುದಿಲ್ಲ.
ಹೋದ ವರ್ಷ ಒಬ್ಬರಿಗೆ ಎರಡು ನಿಮಿಷ ಸಾಕಿತ್ತು,
ಈಗ ಎರಡೂಕಾಲು:
ಸೀಸದ ಮನೆಯೊಳಗಿನ ಲೋಹ
ದಿನಾ ಒಂದಿಷ್ಟು ಸವೆಯುತ್ತಿದೆ.
ಆ ಲೆಕ್ಕ ಬರೆಯುವವನು ನಾನು.

ಬ್ಯಾಡಗಿಯಿಂದ ಬಂದಾಕೆ, ಚೀಟಿಯಲ್ಲಿ ಸುಲೋಚನಾ,
ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಮುರಿದ ಬೆರಳು.
ಗಂಟಲಿಗೆ ಗುರುತು ಹಾಕುವಾಗ ಕೇಳಿದಳು:
"ಏನ್ ಬರತೈತೋ ತಮ್ಮಾ ಅದರಾಗಿಂದ?
ಕಾಣವಲ್ದು, ಕೇಳವಲ್ದು."
ಬೆಳಕು ಅಂದೆ, ಕಣ್ಣಿಗೆ ಸಿಗದ್ದು.
"ಹಂಗಾರ ಖಾರ ಇದ್ದಂಗ.
ಕಾಯಿ ಕೆಂಪಗ ಕಾಣತೈತಿ, ಖಾರ ಕಾಣತೈತೇನು?"

ನಾನು ಪರೀಕ್ಷೆಗೆ ಉರುಹೊಡೆದದ್ದನ್ನೆಲ್ಲ ಹೇಳತೊಡಗಿದೆ.
ದುರ್ಗದಬೈಲಿನ ನಡುವೆ ಒಂದು ಜೋಳದ ಕಾಳು,
ಅಂಚಿನ ಗಿರ್ಮಿಟ್ ಗಾಡಿಗಳ ತನಕ
ಎಲೆಕ್ಟ್ರಾನುಗಳ ಮಸುಕು,
ಉಳಿದದ್ದೆಲ್ಲ ಬಯಲು.
ತೂಕವೆಲ್ಲ ಕಾಳಿನಲ್ಲಿ.
ಅದರಲ್ಲಿ ಇಪ್ಪತ್ತೇಳು ಪ್ರೋಟಾನು,
ದೂರದಿಂದಲೇ ಒಂದನ್ನೊಂದು ದೂಡುವಂಥವು.
ಹೇಗೆ ಕೂಡಿ ಕೂತಿವೆ ಎಂದು ಹೇಳುವಷ್ಟರಲ್ಲಿ
ಅವಳೇ ಹೇಳಿದಳು:

"ನಮ್ಮ ಟೆಂಪೋದಾಗ ಹದಿನೆಂಟ್ ಮಂದಿ.
ಕಣದಾಗ ಒಬ್ಬರ ಮಾರಿ ಒಬ್ಬರಿಗೆ ಆಗೂದಿಲ್ಲ.
ಭುಜಕ್ಕ ಭುಜ ಹತ್ತಿತೋ,
ಮೋಟೆಬೆನ್ನೂರು ಬರೂದ್ರಾಗ
ಆಕಿ ಹೆಗಲಮ್ಯಾಲೆ ಈಕಿ ನಿದ್ದಿ.
ಒಂದ್ ಗೇಣು ಸರೀರಿ ನೋಡೋಣು, ಮತ್ತ ಜಗಳ."

ನನ್ನ ಪುಸ್ತಕದಲ್ಲಿ ಇದಕ್ಕೆ ಎರಡು ಪುಟ ಬೇಕಾಗಿತ್ತು.

ಇನ್ನೊಂದು ಬಲ ಉಳಿಯಿತು, ಎಲ್ಲಕ್ಕಿಂತ ಅಂಜುಬುರುಕ,
ಅದಿಲ್ಲದಿದ್ದರೆ ಈ ಕೋಣೆಗೆ ಕೆಲಸವಿಲ್ಲ.
ಯಾವುದೋ ಗಳಿಗೆಗೆ, ಯಾರೂ ಕರೆಯದೆ,
ಒಂದು ನ್ಯೂಟ್ರಾನು ಪ್ರೋಟಾನಾಗುತ್ತದೆ.
ಕೂತವರು ಆಗಲೂ ಅರವತ್ತೇ ಮಂದಿ,
ಆದರೆ ಕೋಬಾಲ್ಟು ಈಗ ನಿಕ್ಕಲ್ಲು,
ಉಳಿದ ನಡುಕ ಬೆಳಕಾಗಿ ಹೊರಗೆ.

ಸುಮ್ಮನೆ ಕೇಳಿದಳು. ಆಮೇಲೆ, ಮೆಲ್ಲಗೆ:
"ಅಕ್ಕಿ ಹರಿವಾಣದಾಗ ಉಂಗುರದಿಂದ ಬರದ್ರು, ಸುಲೋಚನಾ ಅಂತ.
ಅದಕ್ಕೂ ಮದ್ಲ ನಾ ಫಕೀರವ್ವ.
ಆವತ್ತು ನನ್ನಿಂದ ಏನೋ ಹಾರಿಹೋತು.
ಏನು ಅಂತ ಇನ್ನೂ ತಿಳಿದಿಲ್ಲ."

ಒಂದೇ ಅಂಜಿಕೆ ಅವಳಿಗೆ:
ಖಾರದ ಕೈ ಅಂತ ಮಗಳ ಕಣ್ಣೀರು ಎಂದೂ ಒರೆಸಿದಾಕೆಯಲ್ಲ.
ಈಗ ಮೊಮ್ಮಗಳನ್ನು ಮುಟ್ಟಿದರೆ ಇದು ಹತ್ತುತ್ತದೇನು?
ಇಲ್ಲವ್ವಾ, ಬೆಳಕು ಕೈಗೆ ಹತ್ತೂದಿಲ್ಲ.
ನಂಬಲಿಲ್ಲ. ಕೈ ಸೆರಗಿಗೆ ಒರೆಸಿಕೊಂಡಳು.

ಮೂರನೆಯ ವಾರ ದನಿ ಹೋಯಿತು,
ನಾಲಿಗೆಗೆ ಖಾರವೂ ಹೋಯಿತು.
ಮೂವತ್ತನೆಯ ದಿನ ಬಾಗಿಲಲ್ಲಿ ನಿಂತು
ಸುಲೋಚನಾ ಎಂದು ಎರಡು ಸಲ ಕೂಗಿದೆ.
ಬೆಂಚಿನ ಮೇಲೆ ಯಾರೂ ಅಲುಗಲಿಲ್ಲ.
ಫಕೀರವ್ವಾ ಎಂದೆ.
ಮೂಲೆಯಲ್ಲಿ ಒಂದು ಕೈ ಎದ್ದಿತು.

ಬಾಗಿಲು ಹಾಕಿದೆ. ಎರಡು ನಿಮಿಷ ಹದಿನೇಳು ಸೆಕೆಂಡು.
ಒಳಗೆ ಎಷ್ಟು ಕೋಟಿ ಹೆಸರು ಬದಲಾದವೋ,
ವಹಿಯಲ್ಲಿ ನಾನು ಬರೆದದ್ದು ಒಂದೇ ಸಾಲು,
ಅದೂ ಚೀಟಿಯಲ್ಲಿದ್ದ ಹೆಸರು.