ಬೂಷ್ಟು

ಮೂರನೇ ದಿನದ ಅನ್ನಕ್ಕೆ ಬಿಳಿ ಬಂದರೆ ಅಮ್ಮ
ಮೂಗು ಮುಚ್ಚಿ ತಿಪ್ಪೆಗೆಸೆದು
ಪಾತ್ರೆಯನ್ನು ಎರಡೆರಡು ಸಲ ಬೂದಿಯಲ್ಲಿ ತಿಕ್ಕುತ್ತಿದ್ದಳು.
ನನಗೆ ಇಲ್ಲಿ, ಬರ್ಕಾದಲ್ಲಿ,
ಅನ್ನಕ್ಕೆ ಬೂಷ್ಟು ಹಿಡಿಸುವುದಕ್ಕೇ ಸಂಬಳ.

ಸೋಮವಾರ ಎಂಟು ಕೇಜಿ ಅಕ್ಕಿ.
ಅರೆಬೆಂದಿರಬೇಕು, ಅಗುಳಿಗೆ ಅಗುಳು ಅಂಟಬಾರದು.
ಈ ಹದ ಕಾಲೇಜು ಕಲಿಸಿದ್ದಲ್ಲ.
ಚೀಲಕ್ಕೆ ತುಂಬಿ, ಹಬೆಯಲ್ಲಿ ಶುದ್ಧಿ ಮಾಡಿ,
ಆರಿದ ಮೇಲೆ ಒಂದು ಸಿರಿಂಜು ಹೆಪ್ಪು.
ಹನ್ನೆರಡನೇ ದಿನಕ್ಕೆ ಒಳಗೆ,
ಸುಣ್ಣದ ಗೋಡೆಗೆ ಒರಗಿದರೆ ಅಂಗಿಗೆ ಬರುತ್ತದಲ್ಲ,
ಅಂಥ ಬಿಳಿ.

ಫೋನಿನಲ್ಲಿ ಅಮ್ಮ: ಏನು ಮಾಡ್ತೀಯೇ ವಿಮಲೀ, ದಿನವಿಡೀ ಲ್ಯಾಬಲ್ಲಿ?
ಔಷಧಿ, ಅನ್ನುತ್ತೇನೆ. ಮರಕ್ಕೆ.
ಅಕ್ಕಿಯ ಮಾತು ಎತ್ತುವುದಿಲ್ಲ.

ಖಲ್ಫಾನ್ ಖರ್ಜೂರದ ಮರಕ್ಕೆ ಕಿವಿಯಿಟ್ಟು ನಿಲ್ಲುತ್ತಾನೆ,
ಪಕ್ಕದ ಕೋಣೆಯ ಜಗಳ ಕೇಳುವವನ ಹಾಗೆ.
ಬಾ, ಕೇಳು.
ಮೊದಲು ಕೇಳಿದ್ದು ನನ್ನದೇ ನೆತ್ತರ ಸದ್ದು.
ಆಮೇಲೆ, ಒಳಗೆಲ್ಲೋ,
ಯಾರೋ ಹಪ್ಪಳ ತಿನ್ನುತ್ತಿದ್ದಾರೆ
ಮೆಲ್ಲಗೆ, ಯಾರಿಗೂ ಕೊಡದೆ.
ಹೊರಗೆ ಗರಿ ಹಸಿರು, ಖುನೈಜಿಯ ಗೊನೆ ತುಂಬಿ ಜಗ್ಗುತ್ತಿದೆ.
ಕೆಂಪು ಮೂತಿಹುಳುವಿನ ಮರಿ ಹೊಟ್ಟೆಯೊಳಗಿದ್ದರೂ
ಬೀಳುವ ದಿನದ ತನಕ
ಮರ ಮುಖ ಕೆಡಿಸಿಕೊಳ್ಳುವುದಿಲ್ಲ.

ಹೋದ ಜೂನಿನಲ್ಲಿ ಮಧ್ಯಾಹ್ನ ಸಿಂಪಡಿಸಿದೆವು. ತಪ್ಪು ನನ್ನದು.
ನಲವತ್ತಾರು ಡಿಗ್ರಿ. ರಸ್ತೆ ಕೆಲಸದವರಿಗೇ
ಸರಕಾರ ಬಿಡುವು ಕೊಡುವ ಹೊತ್ತು ಅದು.
ಬೀಜಕಣವೆಲ್ಲ ಸೀದುಹೋದವು.
ಎರಡು ಮರ ನಡು ಮುರಿದು ಬಿದ್ದವು,
ಒಂದು ಖಲ್ಫಾನನ ಅಜ್ಜಿ ನೆಟ್ಟದ್ದು.
ಕೊಚ್ಚಿ, ಡೀಸೆಲ್ ಸುರಿದು ಸುಟ್ಟರು.
ಅವನು ಬೈಯಲಿಲ್ಲ. ಕಾಫಿ ಕೊಟ್ಟ.
ಬಟ್ಟಲು ಅಲ್ಲಾಡಿಸಿ ಸಾಕೆನ್ನುವುದು ಮರೆತು
ಐದು ಸಲ ಕುಡಿದೆ.

ಈಗ ಮಗ್ರಿಬ್ ಬಾಂಗ್ ಆದ ಮೇಲೆಯೇ ಕೆಲಸ.
ಆಗಸ್ಟಿನ ಕಡಲಗಾಳಿ, ಊರೆಲ್ಲ ಶಪಿಸುವ ಜಿಗುಟು,
ಕನ್ನಡಕ ಮಬ್ಬು, ದುಪಟ್ಟಾ ಕತ್ತಿಗೆ ಅಂಟಿ.
ನನ್ನ ಬಿಳಿಗೆ ಇದೇ ಬೇಕು.
ಮೊಫಿಜುಲ್ ಬಕೆಟ್ಟು ಕಟ್ಟುತ್ತಾನೆ.
ಒಳಗೆ ಗಂಡುಹುಳುವಿನ ವಾಸನೆಯ ಪೊಟ್ಟಣ,
ಹುಳಿತ ಖರ್ಜೂರ, ಗೋಡೆಗೆಲ್ಲ ನನ್ನ ಪುಡಿ.
ಕೊಲ್ಲುವ ಬಕೆಟ್ಟಲ್ಲ. ಹೋಗಲು ದಾರಿ ಇದೆ.
ಮದುವೆಮನೆ ಅಂದುಕೊಂಡು ಬರುತ್ತದೆ ಹುಳು,
ಅತ್ತಿತ್ತ ಹೊರಳಾಡುತ್ತದೆ,
ಯಾರೂ ಇಲ್ಲವೆಂದು ಹಾರಿಹೋಗುತ್ತದೆ
ಮೈತುಂಬ ಪೌಡರು ಮೆತ್ತಿಕೊಂಡು
ತನ್ನವರ ಹತ್ತಿರ.
ನಾವು ರಜೆಗೆ ಊರಿಗೆ ಹೋಗುವುದೂ ಹೀಗೇ,
ಅತ್ತರು ಬಳಿದುಕೊಂಡು, ಅಂದ ಮೊಫಿಜುಲ್.
ಆಗ ನಕ್ಕೆ. ರಾತ್ರಿ ಮಲಗಿದ ಮೇಲೆ
ಆ ಮಾತು ಮತ್ತೆ ಬಂತು.

ಒಂಬತ್ತನೇ ದಿನ, ಗರಿಯ ಬುಡದಲ್ಲಿ, ಒಂದು.
ಕಾಲು ಮಡಚಿಕೊಂಡು, ಕೀಲುಕೀಲಿನಿಂದ ಹತ್ತಿ ಉಕ್ಕಿ,
ಮೂತಿಯ ತುದಿಯಷ್ಟೇ ಕೆಂಪು.
ಖಲ್ಫಾನ್ ಅಂಗೈಯಲ್ಲಿಟ್ಟು ಟಾರ್ಚು ಬಿಟ್ಟ.
ಕಫನ್ ತಾನೇ ಹೊದ್ದುಕೊಂಡಿದೆ, ಅಂದ.
ಸ್ವಲ್ಪ ತಡೆದು: ನಮ್ಮನ್ನೂ ತಿನ್ನುತ್ತದಾ?
ಇಲ್ಲ. ಹುಳುವಿನ ಚಿಪ್ಪೇ ಇದಕ್ಕೆ ಬಾಗಿಲು.
ನಿಮ್ಮ ಮಾತಿನಲ್ಲಿ ಏನನ್ನುತ್ತೀರಿ ಇದಕ್ಕೆ?
ಲೇಬಲ್ಲಿನ ಲ್ಯಾಟಿನ್ ಹೆಸರು ನಾಲಗೆ ತುದಿಗೆ ಬಂತು,
ನುಂಗಿಕೊಂಡು, ಬೂಷ್ಟು, ಅಂದೆ.
ಬೂಶ್ತ್, ಅಂದ, ಖರ್ಜೂರದ ಬೀಜ ಉಗುಳುವಷ್ಟು ಸಲೀಸಾಗಿ.

ಇನ್ನೂ ನಾಲ್ಕು ಮರ ಒಳಗೊಳಗೆ ಸದ್ದು ಮಾಡುತ್ತಿವೆ.
ಉಳಿಯುತ್ತವೋ ಇಲ್ಲವೋ, ನಾನು ಹೇಳಲಾರೆ, ಹೇಳಿಲ್ಲ.

ನಿನ್ನೆ ಸುವೈಕ್‌ನಿಂದ ಫೋನು, ಗುರುತಿಲ್ಲದ ದನಿ:
ತಿಂಗಳ ಕೊನೆಗೆ ಎರಡು ಕೇಜಿ ಬೂಶ್ತ್ ಬೇಕಂತೆ.

ಅಕ್ಕಿ ತೊಳೆಯುತ್ತಿದ್ದೆ.
ನಾಲ್ಕು ಕಾಳು ಸಿಂಕಿಗೆ ಜಾರಿದವು.
ಬೆರಳು ಹಾಕಿ, ಒಂದೊಂದನ್ನೇ ಎತ್ತಿಕೊಂಡೆ.